ಎಂಟೂವರೆಯ ಪೂಜೆ

ಜಗಳ ಶುರುವಾದದ್ದು ಗಡಿಯಾರದಿಂದ.
ಎಂಟೂವರೆಯ ಪೂಜೆ ಯಾರ ಭಾಷೆಯದು?
ಏಳಕ್ಕೆ ಅಂದರೆ ಲೈನ್‌ಮನೆಯ ತಮಿಳರಿಗೆ ಆಗದು,
ಒಲೆ ಹೊತ್ತಿಸಿ, ಮಕ್ಕಳ ತಲೆ ಬಾಚಿ
ತೋಟದೊಳಗಿಂದ ನಾಲ್ಕು ಮೈಲಿ ನಡೆಯಬೇಕು.
ಹತ್ತಕ್ಕೆ ಅಂದರೆ ಮಲಯಾಳದ ಅಂಗಡಿಯವರಿಗೆ ನಷ್ಟ,
ಭಾನುವಾರ ಸಿದ್ದಾಪುರದ ಸಂತೆ.
ಕನ್ನಡದವರು ಅಂದರೆ ನಾವು:
ಮನೆಯಲ್ಲಿ ಕೊಂಕಣಿ, ಇಗರ್ಜಿಯಲ್ಲಿ ಕನ್ನಡ,
ಸಿಟ್ಟು ಬಂದರೆ ಎಲ್ಲವೂ.

ಮೈಸೂರಿಗೆ, ಬಿಷಪರಿಗೆ, ಅರ್ಜಿ ಹೋಯಿತು.
ನೂರಾ ಹನ್ನೆರಡು ಸಹಿ,
ಅದರಲ್ಲಿ ಹನ್ನೊಂದು ಸತ್ತವರದು.
ನಾನು ಲಿಗೋರಿ, ಗಂಟೆ ಹೊಡೆಯುವವನು.
ಸಾವಿನ ಪುಸ್ತಕ ಬರೆಯುವವನೂ ನಾನೇ,
ಅದಕ್ಕೇ ಗೊತ್ತು.

ಆಮೇಲೆ ಮಾರ್ಚಿನಲ್ಲಿ ಹೂಮಳೆ ಬಿತ್ತು.
ಕಾಫಿ ಒಂದೇ ರಾತ್ರಿ ಬೆಳ್ಳಗಾಯಿತು.
ತಪಸ್ಸುಕಾಲದ ನೇರಳೆ ಬಟ್ಟೆ ಹೊದ್ದ ಸಂತರ ನಡುವೆ
ಆ ಪರಿಮಳ ಬಂದು ನಿಂತಿತು
ಸೂತಕದ ಮನೆಗೆ ಗೊತ್ತಿಲ್ಲದೆ ಬಂದ ಮದುವಣಿಗನ ಹಾಗೆ.
ಅದೇ ವಾರ ಪೊಲೀಸ್ ಜೀಪು ಬಂತು.
ಬೀಗ ಹಾಕಿ ಅಂದರು. ಹಾಕಿದೆ.
ಏಳರದೂ ಇಲ್ಲ, ಹತ್ತರದೂ ಇಲ್ಲ.

ಫಾದರ್ ಗಿಲ್ಬರ್ಟ್ ಫೋನನ್ನು
ಮೇಣದಬತ್ತಿಯ ಕಂಬಕ್ಕೆ ದಾರದಲ್ಲಿ ಬಿಗಿದು
ಪೂಜೆ ಮಾಡಿದರು, ಎದುರಿಗೆ ನಾನೊಬ್ಬ.
ನಾನೂರು ಜನ ಕೊಡಬೇಕಾದ ಉತ್ತರ
ನನ್ನೊಂದು ಗಂಟಲಲ್ಲಿ.
ಮಧ್ಯೆ ಕೆಮ್ಮು ಬಂತು, ನುಂಗಿಕೊಂಡೆ.
ತೋಟದಲ್ಲಿ ಸಿಗ್ನಲ್ ಸಿಗುವುದು
ನೀರಿನ ಟ್ಯಾಂಕಿನ ದಿಬ್ಬದಲ್ಲಿ ಮಾತ್ರ.
ಆರೋಕ್ಯಮೇರಿಯ ಫೋನು, ಹದಿನೇಳು ಜನ.
ಫಾದರ್ ರೊಟ್ಟಿ ಎತ್ತಿದ ಕೂಡಲೇ ಚಿತ್ರ ಸಿಕ್ಕಿಕೊಂಡಿತಂತೆ,
ಎತ್ತಿದ ಕೈ ಎತ್ತಿದ ಹಾಗೇ
ಆರು ನಿಮಿಷ.
ಯಾರೂ ಮೊಣಕಾಲು ಎತ್ತಲಿಲ್ಲ.

ಖಾಲಿ ಬೆಂಚುಗಳ ಧೂಳು ಒರೆಸುತ್ತ
ಒಬ್ಬೊಬ್ಬರನ್ನೂ ಮುಟ್ಟಿ ಗುರುತಿಸುತ್ತಿದ್ದೆ.
ಇದು ಔಸೇಪಚ್ಚನ ಜಾಗ,
ಪ್ರವಚನ ಉದ್ದವಾದಷ್ಟೂ
ಅಂಚನ್ನು ಉಗುರಿನಿಂದ ಕೆರೆಯುತ್ತಾನೆ,
ಮೂವತ್ತು ವರ್ಷದ ಪ್ರವಚನ ಅಲ್ಲಿ ಹಳ್ಳ ಬಿದ್ದಿದೆ.

ಮರುವರ್ಷ ಮೇ. ಒಂದೇ ಪುಟದಲ್ಲಿ ಏಳು ಹೆಸರು.
ಏಳನೆಯದು ಸವರಿಮುತ್ತು, ಆರೋಕ್ಯಮೇರಿಯ ಗಂಡ,
ತಮಿಳು ಅರ್ಜಿಯ ಮೊದಲ ಸಹಿ.
ಮಡಿಕೇರಿಯಿಂದ ಜಿಪ್ ಎಳೆದ ಚೀಲದಲ್ಲಿ ಬಂದ.
ಗುಂಡಿ ತೋಡಲು ಬಂದದ್ದು ಔಸೇಪಚ್ಚ,
ಅರ್ಜಿಯ ವಿರುದ್ಧ ಅರ್ಜಿ ಬರೆದವನು.
ಪ್ಲಾಸ್ಟಿಕ್ ಅಂಗಿಯೊಳಗೆ ಬೆವರು ಸುರಿಯುತ್ತ
ಒಂದು ಮಾತೂ ಆಡದೆ ಆರಡಿ ಇಳಿದ.
ಫಾದರ್ ಅಂದು ಜ್ವರದಲ್ಲಿ ಮಲಗಿದ್ದರು.
ಯಾರು ಜಪ ಹೇಳುವುದು?

ನನ್ಮ ನಿರಞ್ಞ ಮರಿಯಮೇ, ಅಂದ ಔಸೇಪಚ್ಚ,
ಅವನಿಗೆ ಬರುವುದು ಅದೊಂದೇ.
ನಮೋ ಮರಿಯಾ, ಅಂದೆ ನಾನು.
ಗೇಟಿನಾಚೆ, ಮೂವತ್ತು ಅಡಿ ದೂರದಲ್ಲಿ ತಡೆದು ನಿಲ್ಲಿಸಿದ ಅವಳು
ಅರುಳ್ ನಿರೈಂದ ಮರಿಯೇ,
ಅಂದು ಅಲ್ಲೇ ನಿಂತಳು,
ಮತ್ತೆ ಮೊದಲಿನಿಂದ ಹಿಡಿದಳು.
ಒಟ್ಟಿಗೆ ಮುಗಿಯಲಿಲ್ಲ.
ಅವಳದು ಎಲ್ಲರಿಗಿಂತ ತಡ.
ನಾವು ಕಾದೆವು, ಮಣ್ಣು ಹಿಡಿದುಕೊಂಡು.

ಆ ರಾತ್ರಿ ಹಲಸಿನ ಹಣ್ಣಿಗೆ ಬಂದ ಸಲಗ
ಸಿಮೆಟ್ರಿಯ ಗೋಡೆ ಕೆಡವಿತ್ತು.
ಹೊಸ ಮಣ್ಣಿನ ಮೇಲೆ ಒಂದೇ ಒಂದು ಹೆಜ್ಜೆ,
ತಟ್ಟೆಯಷ್ಟು ಅಗಲ, ಅದರಲ್ಲಿ ನೀರು.
ಎರಡು ದಿನ ಮುಚ್ಚಲಿಲ್ಲ. ಯಾಕೋ.

ಬೀಗ ತೆಗೆದ ಭಾನುವಾರ
ಬೆಂಚು ಬಿಟ್ಟು ಬೆಂಚಿಗೆ ಸುಣ್ಣದಲ್ಲಿ ಗೀಟು ಎಳೆದಿದ್ದೆ.
ಪೂಜೆ ಮುಗಿದು ಹೊರಬರುವಾಗ
ಆರೋಕ್ಯಮೇರಿ ಬಾಗಿಲಲ್ಲೇ ಔಸೇಪಚ್ಚನ ದಾರಿ ತಡೆದು
'ಎಂಟೂವರೆ ನಮ್ಮದು' ಅಂದಳು.
ಮಾಸ್ಕಿನ ಒಳಗೆ ಅವನು ನಕ್ಕನೋ ಬೈದನೋ
ಗೊತ್ತಾಗಲಿಲ್ಲ.

ಹೊಸ ಅರ್ಜಿ ತಯಾರಾಗಿದೆ.
ಸಹಿಗೆ ನನ್ನ ಹತ್ತಿರವೂ ಬಂತು.
ಮೊದಲ ಸಾಲಿನಲ್ಲಿ ಸವರಿಮುತ್ತು,
ಅವಳ ಕೈಬರಹ.
ಪುಸ್ತಕ ಬರೆಯುವವನು ನಾನು,
ಗೊತ್ತು.
ಹೊಡೆದು ಹಾಕಲಿಲ್ಲ.